ಮೇಡಂ ನೋಡದೆ ಹೋದ ತಿದ್ದುಪಡಿ

ಮೊನ್ನೆ ಆಫೀಸಿನಲ್ಲಿ ಯಾರೋ ಬಹಳ ದಿನ ಡಬ್ಬಿಯಲ್ಲಿದ್ದ ಹಳೆಯ ಸರ್ಕ್ಯೂಟ್ ಬೋರ್ಡೊಂದಕ್ಕೆ ಕರೆಂಟು ಕೊಟ್ಟರು. ಕಾದ ಧೂಳಿನ ವಾಸನೆ ಎದ್ದಿತು. ಪಕ್ಕದವರು ಮೂಗು ಮುಚ್ಚಿಕೊಂಡು ಕಿಟಕಿ ತೆರೆದರು. ನಾನು ಕೈಯಲ್ಲಿದ್ದ ಕೆಲಸ ಬಿಟ್ಟು ಆ ಬೋರ್ಡಿನ ಹತ್ತಿರ ಹೋದೆ. ಮೇಡಂ ಕೊಟ್ಟ ಬೋರ್ಡು ಮೊದಲ ಸಲ ಚಾಲೂ ಆದಾಗ ನನ್ನ ಕೋಣೆಯಲ್ಲೂ ಇದೇ ವಾಸನೆ ತುಂಬಿತ್ತು…

ಆಗ ನಾನು ಗದಗಿನಿಂದ ಮಹಾರಾಷ್ಟ್ರದ ಛತ್ರಪತಿ ಸಂಭಾಜಿನಗರಕ್ಕೆ ಬಂದ ಹೊಸತು. ದ್ರಾಕ್ಷಿ ಇಡುವ ಕೋಲ್ಡ್ ಸ್ಟೋರೇಜುಗಳಿಗೆ ಕಂಟ್ರೋಲ್ ಬೋರ್ಡು ಮಾಡುವ ಸಣ್ಣ ಕಂಪನಿ ನಮ್ಮದು. ನನಗೆ ಕೆಲಸ ಕಲಿಸುತ್ತಿದ್ದ ಮೇಡಂ ನಾಸಿಕದ ತಮ್ಮ ಮನೆಯಿಂದಲೇ ಕೆಲಸ ಮಾಡುತ್ತಿದ್ದರು. ವಿಜಯಪುರದ ಕಡೆಯವರು. ಗಂಡ ಅಲ್ಲೇ ಪಕ್ಕದ ಓಝರಿನ ವಿಮಾನ ಕಾರ್ಖಾನೆಯಲ್ಲಿದ್ದವರು; ಅವರು ತೀರಿಕೊಂಡ ಮೇಲೂ ಮಗಳ ಕಾಲೇಜಿಗೆಂದು ಇವರು ಅಲ್ಲೇ ಉಳಿದಿದ್ದರು. ಮಗಳಿಗೆ ಕನ್ನಡ ತಿಳಿಯುತ್ತಿತ್ತು, ಉತ್ತರ ಮಾತ್ರ ಮರಾಠಿಯಲ್ಲಿ. ಮಧ್ಯಾಹ್ನ ನನಗೆ ಫೋನು ಮಾಡಿದಾಗ ಮೇಡಂ ಕೆಲಸದ ಮಾತಿಗೆ ಮೊದಲು, "ಊಟಾ ಆತೇನ್ರಿ? ಏನ್ ಮಾಡಿದ್ರಿ ಇವತ್ತ?" ಎಂದು ಕೇಳುತ್ತಿದ್ದರು. ಅವರಿಗೂ ನನಗೂ ದಿನದಲ್ಲಿ ಕನ್ನಡ ಕಿವಿಗೆ ಬೀಳುತ್ತಿದ್ದದ್ದು ಅದೊಂದೇ ಹೊತ್ತು.

ನಮ್ಮ ಹಳೆಯ ಬೋರ್ಡುಗಳಲ್ಲಿದ್ದ ಪ್ರೊಸೆಸರ್ ಈಗ ಯಾರೂ ಕೊಳ್ಳದಂಥದ್ದು. ಅದರಲ್ಲಿ ಲೆಕ್ಕ ಮಾಡುವ ಕೋರ್‌ಗಳು ಎಷ್ಟಿವೆ, ಯಾವುದಕ್ಕೆ ಯಾವ ಮೆಮೊರಿ ಎಂಬುದು ಕರ್ನಲ್‌ಗೆ, ಅಂದರೆ ಬೋರ್ಡನ್ನು ನಡೆಸುವ ಮೂಲ ಸಾಫ್ಟ್‌ವೇರಿಗೆ, ತಾನಾಗಿ ತಿಳಿಯುವುದಿಲ್ಲ. ಒಂದು ಕಡತದಲ್ಲಿ ಬರೆದು ಹೇಳಬೇಕು. ಹಾಗೆ ಬರೆಯುವುದಕ್ಕೂ ನಿಯಮಗಳಿವೆ, ಅದಕ್ಕೆ ಸ್ಕೀಮಾ ಎನ್ನುತ್ತಾರೆ. ನಮ್ಮ ಪ್ರೊಸೆಸರಿನ ಕಡತ ಹಿಂದೆ ಯಾರೋ ಅವಸರದಲ್ಲಿ ಬರೆದದ್ದು. ತಪಾಸಣೆಗೆ ಹಾಕಿದರೆ ಪರದೆ ತುಂಬ ತಪ್ಪುಗಳು. ಕರ್ನಲ್ ಎಲ್ಲೆಲ್ಲಿಯವರೋ ಸೇರಿ ಬರೆಯುವಂಥದ್ದು; ಅದರ ಆ ಭಾಗವನ್ನು ನೋಡಿಕೊಳ್ಳುವವರು ಮೇಲ್ ಬರೆದಿದ್ದರು: ತಿದ್ದುವವರು ಇಲ್ಲದಿದ್ದರೆ ಈ ಪ್ರೊಸೆಸರನ್ನೇ ತೆಗೆದುಹಾಕುತ್ತೇವೆ. ತೆಗೆದರೆ ಅಷ್ಟೂ ಸ್ಟೋರೇಜುಗಳ ಬೋರ್ಡಿಗೆ ಮುಂದೆ ಹೊಸ ಕರ್ನಲ್ ಸಿಗುತ್ತಿರಲಿಲ್ಲ. ಕಂಪನಿಗೆ ಅದರ ಚಿಂತೆ ಇರಲಿಲ್ಲ, ಹೊಸ ಬೋರ್ಡು ಮಾರಿದರಾಯಿತು. ಮೇಡಂ ಮಾತ್ರ, "ನಡಿಯೂ ಮಶೀನ್ ಯಾಕ್ ಕೊಲ್ಲಬೇಕ್ರಿ?" ಎಂದರು. ಅವರು ಹೇಳಿಕೊಡುತ್ತಾ ಹೋದರು, ನಾನು ತಿದ್ದುತ್ತಾ ಹೋದೆ.

ಕೊನೆಗೆ ಒಂದೇ ಒಂದು ತಪ್ಪು ಉಳಿಯಿತು. ಎರಡನೆಯ ಕೋರ್‌ಗೆ ತನ್ನದೇ ಬೇರೆ ಕ್ಯಾಶ್ ಇದೆ ಎಂದು ಕಡತದಲ್ಲಿತ್ತು, ಅಂದರೆ ಕೈಗೆ ಸಿಗುವಂತೆ ಪಕ್ಕದಲ್ಲಿಟ್ಟುಕೊಳ್ಳುವ ಚಿಕ್ಕ ಮೆಮೊರಿ. ಆದರೆ ಅದರ ವಿವರ ಪೂರ್ತಿಯಾಗಿರಲಿಲ್ಲ. ಮೊದಲನೆಯ ಕೋರಿನ ಸಾಲುಗಳನ್ನು ನೋಡಿಕೊಂಡು ತುಂಬಿದೆ. ತಪ್ಪು ಮಾಯವಾಯಿತು. ಖುಷಿಯಿಂದ ಹೇಳಿದೆ.

"ತಪಾಸಣಿ ಬಾಯಿ ಮುಚ್ಚಿತು, ಸರಿ," ಎಂದರು ಮೇಡಂ. "ಆದ್ರ ಆ ಕ್ಯಾಶ್ ಖರೇನ ಅದ ಏನ್ರಿ?"

ಪ್ರೊಸೆಸರಿನ ಕೈಪಿಡಿಯ ಒಂದು ಕಡೆ ಇದೆ ಎಂದಿತ್ತು, ಇನ್ನೊಂದು ಕಡೆ ಆ ಸುದ್ದಿಯೇ ಇರಲಿಲ್ಲ. ಬೋರ್ಡು ಚಾಲೂ ಮಾಡಿ ಅದನ್ನೇ ಕೇಳಬೇಕಿತ್ತು. ನಮ್ಮಲ್ಲಿ ಉಳಿದಿದ್ದ ಅಂಥ ಒಂದೇ ಬೋರ್ಡು ಮೇಡಂ ಹತ್ತಿರವಿತ್ತು. ಕೊರಿಯರ್ ಮಾಡಿ ಎಂದೆ. ಬೇಡವೆಂದರು. "ಯೇವಲಾಕ್ಕ ಬರ್ರಿ. ಇಬ್ಬರಿಗೂ ನಡುವ ಆಗ್ತದ."

ನಾನು ಅವರನ್ನು ಕಣ್ಣಾರೆ ಕಂಡದ್ದು ಅದೊಂದೇ ಸಲ. ಯೇವಲಾದ ಬಸ್ ಸ್ಟ್ಯಾಂಡಿನ ಬೆಂಚಿನ ಮೇಲೆ, ಮಡಿಲಲ್ಲಿ ಬೋರ್ಡಿನ ಡಬ್ಬಿ ಇಟ್ಟುಕೊಂಡು ಕುಳಿತಿದ್ದರು. ದನಿ ಕೇಳಿ ನಾನು ಅಂದುಕೊಂಡಿದ್ದಕ್ಕಿಂತ ಎಷ್ಟೋ ಸಣ್ಣ ಹೆಂಗಸು. ಸಜ್ಜಿರೊಟ್ಟಿ, ಎಣಗಾಯಿ ಕಟ್ಟಿಕೊಂಡು ಬಂದಿದ್ದರು. ನನಗೆ ಬಡಿಸಿ ತಾವು ತುತ್ತು ಮುರಿದು ಹಾಗೇ ಹಿಡಿದುಕೊಂಡಿದ್ದರು.

"ನೀವು ಯಾಕ ಉಣ್ಣವಲ್ಲಿರಿ?" ಎಂದೆ.

"ಹೊಟ್ಟಿದು ಸ್ವಲ್ಪ ತ್ರಾಸ್ ಅದ. ಮುಂದಿನ ವಾರ ಆಪರೇಶನ್. ಸಣ್ಣದು." ಆಮೇಲೆ ನನ್ನ ಕೈಗೆ ಇನ್ನೊಂದು ರೊಟ್ಟಿ ಕೊಟ್ಟು, "ನೀ ಉಣ್ಣವಾ," ಎಂದರು. ಅಲ್ಲಿಯವರೆಗೆ ಅವರು ನನ್ನನ್ನು ಏಕವಚನದಲ್ಲಿ ಕರೆದಿರಲಿಲ್ಲ. ಸಣ್ಣದು ಎಂದದ್ದನ್ನು ನಾನು ನಂಬಿದೆ… ನಾಸಿಕದ ಬಸ್ಸು ಬಂತು. ಡಬ್ಬಿಯನ್ನು ನನ್ನ ಕೈಗಿಟ್ಟು ಹತ್ತಿದರು. ಕಿಟಕಿಯಿಂದ ಕೈ ಬೀಸಿದರು.

ಕೋಣೆಗೆ ಬಂದು ಚಾಲೂ ಮಾಡಿದೆ, ಬೋರ್ಡು ಉತ್ತರ ಕೊಟ್ಟಿತು. ಎರಡನೆಯ ಕ್ಯಾಶ್ ಇರಲೇ ಇಲ್ಲ. ಎರಡೂ ಕೋರ್‌ಗಳು ಒಂದನ್ನೇ ಹಂಚಿಕೊಂಡಿದ್ದವು. ನಾನು ತುಂಬಿದ್ದ ಸಾಲುಗಳನ್ನೆಲ್ಲ ಅಳಿಸಿ, ಇದ್ದದ್ದನ್ನು ಇದ್ದಂತೆ ಬರೆದೆ. ಮೇಡಂಗೆ ಫೋನು ಮಾಡಿದೆ, ಎತ್ತಲಿಲ್ಲ. ಆಸ್ಪತ್ರೆಯಲ್ಲಿರಬೇಕು, ಸುಧಾರಿಸಿಕೊಳ್ಳಲಿ ಎಂದು ಕಾದೆ. ಒಂದು ದಿನ ಅದೇ ನಂಬರಿನಿಂದ ಫೋನು ಬಂತು. ಮಗಳು. "ದೀದಿ…" ಎಂದು ತಡವರಿಸಿದಳು. ಆಮೇಲೆ ಒಂದೊಂದೇ ಮಾತು ಹುಡುಕಿ ಕನ್ನಡದಲ್ಲೇ ಹೇಳಿದಳು, "ಮಮ್ಮಿ ಹೋದ್ಳು. ನಿಮಗ ಹೇಳಬೇಕಂತ… ಅಂದಿದ್ಳು."

ತಿದ್ದುಪಡಿಗಳನ್ನೆಲ್ಲ ಒಟ್ಟಿಗೆ ಕರ್ನಲ್‌ನವರಿಗೆ ಕಳಿಸಿದೆ. ಒಪ್ಪಿಕೊಂಡರು. ಆ ಪ್ರೊಸೆಸರು ಕರ್ನಲ್‌ನಲ್ಲಿ ಉಳಿಯಿತು, ಇವತ್ತಿಗೂ ಇದೆ. ನೋಡಿ ಸರಿಯೆಂದವರ ಹೆಸರನ್ನು ಪ್ರತಿ ತಿದ್ದುಪಡಿಯ ಕೆಳಗೆ ಹಾಕುವುದು ರೂಢಿ. ಅವರು ಸ್ವತಃ ಒಪ್ಪಿಗೆ ಕೊಡದೆ ಹಾಕುವಂತಿಲ್ಲ. ಹಿಂದಿನ ಎಲ್ಲದರ ಕೆಳಗೂ ಮೇಡಂ ಹೆಸರಿದೆ. ಕ್ಯಾಶ್‌ನ ಆ ಕೊನೆಯದರ ಕೆಳಗೆ ನನ್ನ ಹೆಸರೊಂದೇ. ಕೆಲಸವಿಲ್ಲದಾಗ ಆ ಪುಟ ತೆರೆದು ನೋಡುತ್ತೇನೆ. ಬೇರೆಯವರ ಕಣ್ಣಿಗೆ ಅಲ್ಲಿ ಏನೂ ಕಡಿಮೆಯಾಗಿಲ್ಲ.