ಕೋರೋ ಬೋರೋ

ಎಪ್ಪತ್ತರ ದಶಕದಲ್ಲಿ ಹರಪನಹಳ್ಳಿ ಕಡೆ ತಾಮ್ರ, ನಿಕಲ್ ಹುಡುಕುತ್ತ ಭೂವಿಜ್ಞಾನ ಇಲಾಖೆಯ ನಾವು ನೆಲ ಕೊರೆಯುತ್ತಿದ್ದೆವು. ಕೊರೆದಾಗ ಸಿಗುವ ಕಲ್ಲಿನ ತುಂಡಿಗೆ ನಾವು 'ಕೋರ್' ಅಂದರೆ, ಊರಿನವರಿಗೆ ಅದು ನೀರಿನ 'ಬೋರ್' ಎಂದೇ ಕೇಳಿಸಿತು. ಹಳ್ಳದ ನೀರು ಹೊತ್ತು ನಡು ಬಾಗಿದ್ದ, ಕುರಿ ಕಾಯುವ ಹಾಲವ್ವ ನಮ್ಮ ಮಷೀನಿಗೆ ಕಾಯಿ ಒಡೆದು ಹೋದಳು.

ತಾಮ್ರ ಸಿಗಲಿಲ್ಲ. ತೂತಿನಿಂದ ನೀರು ತಾನಾಗಿ ಉಕ್ಕಿತು. ಆದರೆ ಕೊರೆದ ತೂತಿಗೆ ಸಿಮೆಂಟು ತುಂಬಿಯೇ ಜಾಗ ಬಿಡಬೇಕೆಂಬುದು ನಮ್ಮ ನಿಯಮ.

ಹಾಲವ್ವ ಕೊಡ ಹಿಡಿದು ಓಡಿ ಬಂದಳು. "ಸಾಹೇಬ್ರ, ಗಂಗವ್ವ ತಾನಾಗೇ ಬಂದಾಳ. ಆಕಿ ಬಾಯಿ ಯಾಕ್ರಿ ಮುಚ್ತೀರಿ?"

"ನಾವು ಹುಡುಕಿದ್ದು ನೀರಲ್ಲಮ್ಮ."

"ನಾವು ಹುಡುಕೋದು ಅದನ್ನೇ ಅಲ್ಲೇನ್ರಿ?"

ವರದಿಯಲ್ಲಿ 'ಏನೂ ಸಿಗಲಿಲ್ಲ' ಎಂದು ಬರೆದೆ. ಸಿಮೆಂಟು ಕಲಸಿದ್ದು ಮಾತ್ರ ಆ ತೂತಿನ ನೀರಿನಲ್ಲೇ.