ಆರು ಸುತ್ತಿನ ಸಂದರ್ಶನ ಮತ್ತು ಒಂದು ‘ಬರ್ತೀನಿ’

ಹತ್ತೊಂಬತ್ತು ವರ್ಷ ಕೂತು ಮಸಾಲೆಪುಡಿ, ಊದುಬತ್ತಿ ಪೊಟ್ಟಣಗಳನ್ನು ವಿನ್ಯಾಸ ಮಾಡಿದ ಕಚೇರಿ ಮುಚ್ಚಿದಾಗ ನನಗೆ ನಲವತ್ತೊಂಬತ್ತು. ಈ ವಯಸ್ಸಿನವನನ್ನು ಇನ್ನು ಯಾರಾದರೂ ಆರಿಸಿಕೊಳ್ತಾರಾ ಅನ್ನುವುದೊಂದೇ ಚಿಂತೆ. ಅದು ಸುಳ್ಳು, ಚಿಂತೆಗಳು ಬೇಕಾದಷ್ಟಿದ್ದವು. ಇದು ಅವುಗಳಲ್ಲಿ ಹಿರಿಯದು. ಡೆನ್ಮಾರ್ಕಿನ ಕಂಪನಿಯೊಂದಕ್ಕೆ ಪ್ಯಾಕೇಜಿಂಗ್ ಡಿಸೈನರ್ ಬೇಕಿತ್ತು. ಅರ್ಜಿ ಹಾಕಿದೆ. ವಿಡಿಯೋ ಕಾಲ್‌ಗೆ ಕರೆದ ದಿನವೇ, ಅಲ್ಲಿನ ಚಳಿಗೆ ನನ್ನ ಮಂಡಿ ಏನಾಗಬಹುದು ಅಂತ ಬಸವೇಶ್ವರನಗರದ ನಮ್ಮ ಡಾಕ್ಟರನ್ನು ಕೇಳಿಕೊಂಡು ಬಂದೆ.

ಮೊದಲ ಸುತ್ತು ಹದಿನೈದು ನಿಮಿಷ. ಎರಡನೆಯದರಲ್ಲಿ ಹಳೆಯ ಕೆಲಸಗಳನ್ನು ನೋಡಿದರು. ಮೂರನೆಯದಕ್ಕೆ, ನಡುಗುವ ಕೈಯವರೂ ತೆರೆಯಬಹುದಾದ ಮಾತ್ರೆ ಡಬ್ಬಿ ಮಾಡಿ ಅಂದರು. ವಾರವಿಡೀ ಊಟದ ಮೇಜಿನ ಮೇಲೆ ರಟ್ಟು ಕತ್ತರಿಸಿದೆ. ನಾನೂ ಹೆಂಡತಿಯೂ ನೆಲದ ಮೇಲೆ ಕೂತು ಉಂಡೆವು. ನಾಲ್ಕನೆಯದರಲ್ಲಿ ಹೊಸಬರು ಮೂವರು ಬಂದು ಮೊದಲ ಸುತ್ತಿನ ಪ್ರಶ್ನೆಗಳನ್ನೇ ಕೇಳಿದರು. ಎಲ್ಲರೂ ‘ವಂಡರ್‌ಫುಲ್’ ಅನ್ನುವವರೇ. ಆಮೇಲೆ ಎರಡು ವಾರ ಸುದ್ದಿಯೇ ಇಲ್ಲ.

ಐದನೆಯದಕ್ಕೆ ಎಚ್‌ಆರ್ ಮೇಡಂ ಒಬ್ಬರೇ ಬಂದರು. ಬಹಳ ಮೆತ್ತಗೆ ಶುರು ಮಾಡಿದರು.

“ನಾವಿನ್ನೂ ನಿರ್ಧಾರ ಮಾಡಿಲ್ಲ. ಆದರೆ ನೀವು ಪ್ರತಿ ಸಲ ಕೊನೆಗೆ ‘ಓಕೆ, ಐ ವಿಲ್ ಕಮ್’ ಅಂತೀರಂತೆ. ನಮ್ಮವರಿಗೆ ಸ್ವಲ್ಪ ಗಾಬರಿಯಾಗಿದೆ.”

ಹೊರಡುವಾಗ ‘ಹೋಗ್ತೀನಿ’ ಅನ್ನಬಾರದು, ‘ಬರ್ತೀನಿ’ ಅನ್ನಬೇಕು ಅಂತ ಅಮ್ಮ ತಲೆಗೆ ಮೊಟಕಿ ಕಲಿಸಿದ್ದು. ಅದನ್ನೇ ಇಂಗ್ಲಿಷಿಗೆ ತಿರುಗಿಸಿ ನಾಲ್ಕು ಸಲ ಡೆನ್ಮಾರ್ಕಿಗೆ ಹೊರಟು ನಿಂತಿದ್ದೆ.

“ಅದು ಹೋಗುವಾಗ ಹೇಳುವ ಮಾತು ಮೇಡಂ,” ಅಂದೆ.

“ಹೋಗುವಾಗ ಬರ್ತೀನಿ ಅಂತೀರಾ? ಎಲ್ಲಿಗೆ ಬರ್ತೀರಿ?”

“ಎಲ್ಲಿಗೂ ಇಲ್ಲ. ಕಾಫಿ ಕುಡಿಯೋಕೆ ಅಡುಗೆಮನೆಗೆ ಹೋಗ್ತೀನಿ, ಅಷ್ಟೇ.”

“ಅಂದರೆ ಕೆಲಸ ಸಿಕ್ಕರೆ ಇಲ್ಲಿಗೆ ಬರಲ್ವಾ?”

“ಬರ್ತೀನಿ! ಖಂಡಿತ ಬರ್ತೀನಿ!”

ಬಾಗಿಲ ಹಿಂದೆ ನನ್ನ ಹೆಂಡತಿ ದಿಂಬಿಗೆ ಮುಖ ಒತ್ತಿಕೊಂಡು ನಗುತ್ತಿದ್ದಳು. ಮೇಡಂ ಕೂಡ ನಕ್ಕರು, ಮೊದಲ ಸಲ ಹಲ್ಲು ಕಾಣುವಂತೆ.

ಆರನೆಯ ಸುತ್ತು ಚೆನ್ನಾಗಿಯೇ ಆಯಿತು. ಕೊನೆಗೆ ‘ಬೈ’ ಅಂದೆ. ಯಾರನ್ನೋ ಬೈದ ಹಾಗೇ ಆಯಿತು.

ಇಪ್ಪತ್ತು ದಿನದ ಮೇಲೆ, ಅತ್ತಿಗುಪ್ಪೆಯಲ್ಲಿ ಸೊಪ್ಪು ಕೊಳ್ಳುತ್ತಿದ್ದಾಗ ಮೇಲ್ ಬಂತು: ಆ ಹುದ್ದೆಯನ್ನೇ ಕೈಬಿಟ್ಟಿದ್ದೇವೆ, ಯಾರನ್ನೂ ತೆಗೆದುಕೊಂಡಿಲ್ಲ. ಎರಡು ಸಲ ಓದಿದೆ. ‘ಯಾರನ್ನೂ’ ಅನ್ನುವುದನ್ನು ಮೂರು ಸಲ. ಮನೆಗೆ ಬಂದು ಹೆಂಡತಿಗೆ ತೋರಿಸಿದೆ.

“ಅಂದ್ರೆ ನಿಮ್ಮನ್ನ ಬೇಡ ಅನ್ನಲಿಲ್ಲ ಕಣ್ರೀ.”

“ಬೇಕು ಅಂತಲೂ ಅನ್ನಲಿಲ್ವಲ್ಲೇ.”

“ಬೇಡದೋರನ್ನ ಯಾರಾದ್ರೂ ಆರು ಸಲ ಕರೀತಾರಾ? ನಾನು ಒಂದೇ ಸಲ ನೋಡಿ ಒಪ್ಕೊಂಡೆ. ಇನ್ನೂ ಒಂದೆರಡು ಸುತ್ತು ಇಡಬೇಕಿತ್ತು.”

ನಗು ತಡೆಯಲಾಗಲಿಲ್ಲ. ಮಾರನೇ ದಿನ ಜರ್ಮನಿಯದೊಂದು ಅರ್ಜಿ ತುಂಬಿದೆ. ‘ನಿಮ್ಮ ಪ್ರಶ್ನೆಗಳೇನಾದರೂ ಇದ್ದರೆ’ ಅಂತ ಬಿಟ್ಟಿದ್ದ ಜಾಗದಲ್ಲಿ ಮಂಡಿಯ ವಿಷಯ ಎತ್ತಲಿಲ್ಲ. ಒಟ್ಟು ಎಷ್ಟು ಸುತ್ತು ಅಂತಷ್ಟೇ ಕೇಳಿದೆ.