ಮೇಲೇಳದ ಮುಳ್ಳು

ಇದರಲ್ಲಿ ಕೆಲವು ವಿವರಗಳು ತಪ್ಪಿರಬಹುದು. ಕಾಕಾನ ವ್ಯಾನು ಬಿಳಿಯೋ ಬೂದಿಯೋ ಎಂಬುದೇ ನನಗೆ ಖಚಿತವಿಲ್ಲ. ಆದರೆ ಕಳೆದ ವಾರ ಸಿಂಧನೂರಿನ ಬಸ್ ನಿಲ್ದಾಣದಲ್ಲಿ ಗ್ಯಾಸ್ ಆಟೋವೊಂದರ ಹೊಗೆ ಮೂಗಿಗೆ ಬಡಿದು ತಲೆ ಭಾರವಾದಾಗ, ಮಸ್ಕಿಯ ಆ ಮಿಸ್ತ್ರಿ ನೆನಪಾದರು...

ರಸ್ತೆಯಂಚಿನ ತಗಡಿನ ಶೆಡ್ಡೇ ಅವರ ಗ್ಯಾರೇಜು. ಗ್ಯಾಸಿನ ಮೇಲೆ ಓಡುವ ವ್ಯಾನುಗಳನ್ನು ಹದಕ್ಕೆ ತರುವುದರಲ್ಲಿ ಸುತ್ತಲಿಗೆಲ್ಲ ಅವರದೇ ಹೆಸರು. ಹೊಗೆ ಪೈಪಿನ ಆಕ್ಸಿಜನ್ ಸೆನ್ಸರಿಗೆ ಮುಳ್ಳಿನ ಮೀಟರ್ ಹಚ್ಚುತ್ತಿದ್ದರು. ಮುಳ್ಳು ಕೆಳಗೆ ಬಿದ್ದರೆ ಗಾಳಿ ಹೆಚ್ಚು, ಮೇಲೇರಿದರೆ ಗ್ಯಾಸ್ ಹೆಚ್ಚು, ಹೊಗೆಯೂ ವಿಷ. ಅದು ನಡುವೆ ತೂಗಾಡುವವರೆಗೆ ಗ್ಯಾಸಿನ ಸ್ಕ್ರೂ ತಿರುವುತ್ತಿದ್ದರು.

ಆಗ ನಾನು ಎಂ.ಎ. ಓದುತ್ತಿದ್ದೆ. ಅವ್ವ, ನಾನು, ಕಾಕಾ ಲಿಂಗಸುಗೂರಿಗೆ ಮದುವೆಗೆ ಹೊರಟಿದ್ದೆವು. ವ್ಯಾನು ಎಳೆಯುತ್ತಿಲ್ಲವೆಂದು ಕಾಕಾ ಮಸ್ಕಿಯಲ್ಲಿ ನಿಲ್ಲಿಸಿದ. ಮಿಸ್ತ್ರಿ ಮೀಟರ್ ಹಚ್ಚಿದಾಗ ಮುಳ್ಳು ತಳ ಹಿಡಿದಿತ್ತು. ಮಿಸ್ತ್ರಿ ಸ್ಕ್ರೂವನ್ನು ಒಂದು ಸುತ್ತು ಬಿಚ್ಚಿದರು, ಮತ್ತೊಂದು ಸುತ್ತು. ಮುಳ್ಳು ಕದಲಲಿಲ್ಲ.

"ಸಾವ್ಕಾರ್ರ, ಹೊಗಿ ಪೈಪ್ ಎಲ್ಲ್ಯಾದ್ರೂ ಸೀಳೈತೇನ್ರೀ? ಹೊರಗಿನ ಗಾಳಿ ಹೊಕ್ರ ಈ ಮುಳ್ಳು ಸುಳ್ಳು ಹೇಳ್ತೈತಿ."

"ಪೈಪ್ ಗಟ್ಟಿ ಐತಿ. ನಿನ್ನಂಗ ನಿನ್ನ ಮೀಟರ್‌ಗೂ ವಯಸ್ಸಾಗೈತಿ," ಎಂದ ಕಾಕಾ.

"ಒಂದು ತಾಸು ಬಿಡ್ರಿ. ಪೈಪ್ ಆರ್ಲಿ, ಕೆಳಗ ಹೊಕ್ಕು ನೋಡ್ತೀನಿ."

"ತಾಸಾ? ಅಕ್ಕಿಕಾಳು ಬಿದ್ದು ಊಟಾನೂ ಮುಗಿದಿರ್ತೈತಿ ಮಾರಾಯಾ! ಲಗೂ ಮುಗಸು."

ಮಿಸ್ತ್ರಿ ಕಾಕಾನ ಮುಖ ನೋಡಿದರು. ಇನ್ನೊಂದು ಸುತ್ತು ಬಿಚ್ಚಿದರು.

ಧೂಳೆಂದು ಕಿಟಕಿ ಏರಿಸಿದ್ದೆವು. ಲಿಂಗಸುಗೂರು ಹತ್ತಿರವಾದಂತೆ ನನ್ನ ತಲೆ ಸಿಡಿಯತೊಡಗಿತು. ಅವ್ವ ನನ್ನ ಹೆಗಲಿಗೆ ಒರಗಿದ್ದಳು. ನಿದ್ದೆ ಎಂದುಕೊಂಡಿದ್ದೆ.

"ಅವ್ವಾ, ನಿನಗೂ ತಲಿ ನೋಯಾಕತ್ತೈತೇನು?"

ಅವಳ ಕೈ ಅಲುಗಿಸಿದರೆ ಕೈ ಹಾಗೇ ಜೋತುಬಿತ್ತು. ಕಾಕಾ, ನಾನು ಸೇರಿ ಅವಳನ್ನು ರಸ್ತೆಬದಿಗೆ ಎಳೆದು ಮಲಗಿಸಿದೆವು. ಎರಡು ನಿಮಿಷವೋ, ಹತ್ತೋ... ಅವಳು ಕಣ್ಣು ತೆರೆದಳು. ಪೈಪಿನಿಂದ ಸೋರಿದ ಹೊಗೆ ವ್ಯಾನಿನೊಳಗೆ ತುಂಬಿತ್ತು, ಇನ್ನಷ್ಟು ದೂರ ಹೋಗಿದ್ದರೆ ಉಳಿಯುತ್ತಿರಲಿಲ್ಲ ಎಂದರು ಡಾಕ್ಟರು.

ಮರುದಿನ ಮಸ್ಕಿಯ ಶೆಡ್ಡಿನ ಮುಂದೆ ಕಾಕಾ ಜನ ಸೇರುವಂತೆ ಕೂಗಾಡಿದ. "ಎಷ್ಟು ಗ್ಯಾಸ್ ಬಿಟ್ಟೀಲೇ? ನಮ್ಮ ಅತ್ತಿಗೀನ್ನ ಕೊಲ್ಲಾಕ ನಿಂತಿದ್ದೇನು?"

"ನಾ ಪೈಪಿಂದು ಕೇಳಿದ್ನೆಲ್ರೀ..." ಎಂದರು ಮಿಸ್ತ್ರಿ, ನನ್ನ ಕಡೆ ತಿರುಗಿ. ಕೇಳಿದ್ದು ನಿಜವೆಂದು ನಾನು ಹೇಳಬಹುದಿತ್ತು. ನೆಲ ನೋಡಿದೆ.

ಆಮೇಲೆ ಆ ಶೆಡ್ಡಿಗೆ ವ್ಯಾನುಗಳು ಬರುವುದು ನಿಂತಿತಂತೆ. ಕೆಲವೇ ತಿಂಗಳಲ್ಲಿ ಅವರು ಊರು ಬಿಟ್ಟರು. ಮೊನ್ನೆ ಮಸ್ಕಿಯಲ್ಲಿ ಇಳಿದು ವಿಚಾರಿಸಿದಾಗ, ತೀರಿಕೊಂಡು ವರ್ಷವಾಯಿತೆಂದರು. ಆ ಜಾಗದಲ್ಲಿ ಈಗ ಮೊಬೈಲ್ ಅಂಗಡಿಯಿದೆ. ನನ್ನ ತಪ್ಪೊಪ್ಪಿಕೊಳ್ಳಲು ಎದುರಿಗೆ ಯಾರೂ ಉಳಿದಿಲ್ಲ.

ಇನ್ನೊಂದು ಚಿತ್ರ ನನ್ನನ್ನು ಬಿಡುತ್ತಿಲ್ಲ. ಕಾಕಾ ನಮ್ಮ ಅಂಗಳದಲ್ಲಿ ವ್ಯಾನಿನ ಕೆಳಗೆ ಮಲಗಿ, ಸೀಳಿದ ಪೈಪಿಗೆ ಎಣ್ಣೆ ಡಬ್ಬಿಯ ತಗಡು ಸುತ್ತಿ ತಂತಿ ಬಿಗಿಯುತ್ತಿದ್ದಾನೆ. ಮನೆಯಲ್ಲಿ ಮಾಡಿದ ಇಂಥ ಜುಗಾಡನ್ನು, ಬೈದಾರೆಂದು ಮಿಸ್ತ್ರಿಗಳಿಂದ ಮುಚ್ಚಿಡುವುದು ನಮ್ಮಲ್ಲಿ ಮಾಮೂಲು. ಆದರೆ ನಾನು ಅದನ್ನು ಕಂಡದ್ದು ಮದುವೆಗೆ ಮೊದಲೋ, ನಂತರವೋ? ನಂತರವಾದರೆ, ಪೈಪ್ ಗಟ್ಟಿ ಐತಿ ಎಂದಾಗ ಕಾಕಾ ಸುಳ್ಳಾಡಿಲ್ಲ. ನನ್ನ ನೆನಪನ್ನು ನಾನೇ ನಂಬಲಾರೆ. ಹಾಗಾಗಿ ಫೋನು ಮಾಡಿದೆ. ಕಾಕಾ ಉತ್ತರಿಸದೆ ಫೋನಿಟ್ಟ, ಮತ್ತೆ ಎತ್ತಿಲ್ಲ. ನಾನು ಕೇಳಿದ್ದು ಇಷ್ಟೇ:

"ಕಾಕಾ, ಆ ತಗಡು ನೀ ಯಾವಾಗ ಸುತ್ತಿದ್ದಿ?"